ಹತ್ತಾರು ಜನ ಓದುವ ಇಮೇಲ್‌ಗೆ ಉತ್ತರಿಸುವಾಗ

ಮೊದಲು ಹಳೆಯ ಮೇಲ್‌ನ ಪಠ್ಯವನ್ನು ಕತ್ತರಿಸಿ. ನೀವು ಉತ್ತರಿಸುತ್ತಿರುವ ಎರಡು-ಮೂರು ಸಾಲು ಉಳಿದರೆ ಸಾಕು, ಅದರ ಕೆಳಗೆ ನಿಮ್ಮ ಮಾತು. ಪ್ರಶ್ನೆಗಳು ಹಲವಿದ್ದರೆ ಒಂದೊಂದರ ಕೆಳಗೇ ಉತ್ತರ ಬರಲಿ. ಜಿಮೇಲ್‌ನಲ್ಲಿ ಹಳೆಯ ಪಠ್ಯ ಮೂರು ಚುಕ್ಕಿಗಳ ಹಿಂದೆ ಅಡಗಿರುತ್ತದೆ; ಕಾಣುತ್ತಿಲ್ಲವೆಂದು ಬಿಟ್ಟರೆ ಇಡೀ ಸರಪಳಿ ಪ್ರತಿ ಸಲವೂ ಎಲ್ಲರಿಗೂ ಹೋಗುತ್ತದೆ.

ಹೊಸ ವಿಷಯಕ್ಕೆ ಹೊಸ ಮೇಲ್ ತೆರೆಯಿರಿ. ಹಳೆಯದಕ್ಕೆ ರಿಪ್ಲೈ ಒತ್ತಿ ಶೀರ್ಷಿಕೆ ಬದಲಿಸಿದರೂ ಹೆಡರ್‌ನಲ್ಲಿ, ಅಂದರೆ ಮೇಲ್‌ ಜೊತೆ ಕಾಣದಂತೆ ಹೋಗುವ ಮಾಹಿತಿಯಲ್ಲಿ, ಹಳೆಯ ಮೇಲ್‌ನ ಗುರುತು ಉಳಿಯುತ್ತದೆ. ಥಂಡರ್‌ಬರ್ಡ್‌ನಂಥ ತಂತ್ರಾಂಶಗಳು ಅದನ್ನು ಹಳೆಯ ಚರ್ಚೆಯೊಳಗೇ ಸೇರಿಸಿಬಿಡುತ್ತವೆ, ಓದಬೇಕಾದವರ ಕಣ್ಣಿಗೆ ಬೀಳುವುದೇ ಇಲ್ಲ.

ಕನ್ನಡದಲ್ಲಿ ಬರೆಯುವವರು ದಯವಿಟ್ಟು ಯುನಿಕೋಡ್ ಬಳಸಿ. ನುಡಿ, ಬರಹದ ಹಳೆಯ ಆನ್ಸಿ (ಯುನಿಕೋಡ್ ಅಲ್ಲದ) ಫಾಂಟ್‌ಗಳಲ್ಲಿ ಟೈಪಿಸಿದ್ದನ್ನು ಹಾಗೇ ಅಂಟಿಸಿದರೆ, ಆ ಫಾಂಟ್ ಇಲ್ಲದವರಿಗೆ ಬರೀ ಲ್ಯಾಟಿನ್ ಅಕ್ಷರಗಳ ಗೋಜಲು. ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಪರಿಶೀಲಿಸಿ ಕಳಿಸಿ.

ಮೇಲ್‌ನ ಕೊನೆಯಲ್ಲಿ ಬರುವ ಸಹಿ ನಾಲ್ಕು ಸಾಲು ಮೀರದಿರಲಿ. ಇಂಟರ್‌ನೆಟ್ ಶಿಷ್ಟಾಚಾರದ ಮಾರ್ಗಸೂಚಿಯಾದ 1995ರ ಆರ್‌ಎಫ್‌ಸಿ 1855 ಕೂಡ ಅಷ್ಟೇ ಹೇಳುತ್ತದೆ. ಸಹಿಯ ಮೇಲಿನ ಸಾಲಿನಲ್ಲಿ ಎರಡು ಹೈಫನ್, ನಂತರ ಒಂದು ಸ್ಪೇಸ್. ಆ ಸ್ಪೇಸ್ ಬಿಟ್ಟುಹೋದರೆ ಅದು ಸಹಿಯೆಂದು ಹಲವು ತಂತ್ರಾಂಶಗಳಿಗೆ ತಿಳಿಯದು, ಉತ್ತರಿಸುವಾಗ ತಾನಾಗಿ ಅಳಿಸುವುದೂ ಇಲ್ಲ.