ಸಾಕುನಾಯಿಯ ಕೊನೆಯ ದಿನಗಳು: ನಿರ್ಧಾರ ಮಾಡುವ ಬಗೆ

ಮನೆಯ ಮುದಿ ನಾಯಿ ನೆಲ ಹಿಡಿದಾಗ ದಾವಣಗೆರೆಯ ಹಿರಿಯರು ಸಾಮಾನ್ಯವಾಗಿ ಹೇಳುವುದು, "ತಾನಾಗಿಯೇ ಹೋಗಲಿ, ನಾವೇಕೆ ಪಾಪ ಕಟ್ಟಿಕೊಳ್ಳಬೇಕು" ಎಂದು. ಆ ಮಾತಿನ ಹಿಂದಿನ ಅಕ್ಕರೆ ನಿಜವೇ ಆದರೂ, ಮೂತ್ರಪಿಂಡ ಸೋತ ನಾಯಿಗೆ ಸಾವು ನಿದ್ದೆಯಲ್ಲಿ ಬರುವುದು ಅಪರೂಪ. ವಾಂತಿ, ಬಾಯಿಹುಣ್ಣು, ನಿತ್ರಾಣಗಳನ್ನು ದಿನಗಟ್ಟಲೆ ಅನುಭವಿಸಿದ ಮೇಲೆಯೇ ಅದು ಬರುತ್ತದೆ. ಆದ್ದರಿಂದ ಉಸಿರು ಕಟ್ಟುವ ನಡುರಾತ್ರಿಯವರೆಗೆ ಕಾಯದೆ, ಪ್ರಾಣಿ ಇನ್ನೂ ಶಾಂತವಾಗಿರುವಾಗಲೇ, ವೈದ್ಯರಿಂದ ಇಂಜೆಕ್ಷನ್ ಕೊಡಿಸಿ ನೋವಿಲ್ಲದೆ ಕಳಿಸಿಕೊಡುವ ದಯಾಮರಣದ ಬಗ್ಗೆ ಮನೆಯವರೆಲ್ಲ ಕೂತು ಮಾತನಾಡಬೇಕು.

ಅದಕ್ಕೂ ಮೊದಲು ರೋಗ ಯಾವುದೆಂದು ಖಚಿತವಾಗಬೇಕು. ಊಟ ಬಿಟ್ಟು ಮಲಗಿದ ನಾಯಿಗೆ ಇರುವುದು ಕೇವಲ ಉಣ್ಣಿ ಜ್ವರವಾಗಿದ್ದು, ರಕ್ತಪರೀಕ್ಷೆ ಮಾಡಿಸಿ ಬೇಗ ಔಷಧ ಕೊಟ್ಟರೆ ಅದು ಚೇತರಿಸಿಕೊಳ್ಳಬಹುದು. ನೋವು ಕಂಡು ಮರುಗಿ ನಮ್ಮ ಮಾತ್ರೆಗಳನ್ನು ಕೊಡುವುದು ಮಾತ್ರ ಬೇಡ: ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಐಬುಪ್ರೊಫೇನ್ ಮತ್ತು ಡೈಕ್ಲೊಫೆನಾಕ್ ನಾಯಿಗೆ ಅಪಾಯಕಾರಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಸುಮಾರು 260 ಕಿ.ಮೀ. ದೂರದ ಬೆಂಗಳೂರಿಗೋ ಕರೆದೊಯ್ಯುವ ಯೋಚನೆಯಿದ್ದರೆ, ಅಲ್ಲಿನ ತಪಾಸಣೆಯಿಂದ ಚಿಕಿತ್ಸೆ ಬದಲಾಗುವ ಸಾಧ್ಯತೆ ಇದೆಯೇ ಎಂದು ಸ್ಥಳೀಯ ವೈದ್ಯರನ್ನು ನೇರವಾಗಿ ಕೇಳಿ. ಇಲ್ಲವೆಂದಾದರೆ ಏಪ್ರಿಲ್‌ ಬಿಸಿಲಿನ ಆ ಪ್ರಯಾಣವೂ ಒಂದು ಹಿಂಸೆಯೇ.

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ರೂಪಿಸಿದ ಅಳತೆಗೋಲು ಇಲ್ಲಿ ಉಪಯುಕ್ತ. ನೋವು, ಹಸಿವು, ದೇಹದ ನೀರಿನಂಶ, ಶುಚಿತ್ವ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ಅಂಶಗಳಿಗೆ ತಲಾ 0ಯಿಂದ 10 ಅಂಕ (ಸ್ಥಿತಿ ಚೆನ್ನಾಗಿದ್ದಷ್ಟೂ ಹೆಚ್ಚು ಅಂಕ) ಕೊಟ್ಟು ಕೂಡಿದಾಗ ಮೊತ್ತ 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು. ಉಸಿರಾಟಕ್ಕೇ ಒದ್ದಾಡುತ್ತಿದ್ದರೆ ಉಳಿದ ಅಂಕಗಳಿಗೆ ಅರ್ಥವಿಲ್ಲ. ಅಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ, ಏಕೆಂದರೆ ಒಂದು ದಿನ ಬಾಲ ಅಲ್ಲಾಡಿಸಿದರೆ ಹಿಂದಿನ ವಾರವಿಡೀ ಮರೆತುಹೋಗುತ್ತದೆ. ಸಂಜೆ ಬಂದು ತಲೆ ಸವರುವವರಿಗಿಂತ, ಹಗಲೆಲ್ಲ ಅದರ ಮೂತ್ರ ಒರೆಸುವವರು ಕೊಡುವ ಅಂಕವೇ ಹೆಚ್ಚು ನಂಬಲರ್ಹವೆಂಬುದು ನನ್ನ ಅಭಿಪ್ರಾಯ.

ದಯಾಮರಣವೆಂದು ನಿಶ್ಚಯವಾದರೆ, ಮೊದಲು ಮಂಪರಿನ ಇಂಜೆಕ್ಷನ್ ಕೊಡುತ್ತಾರೆಯೇ, ಮನೆಗೆ ಬರುತ್ತಾರೆಯೇ ಎಂದು ವೈದ್ಯರಲ್ಲಿ ವಿಚಾರಿಸಿ. ಮಂಪರು ಕವಿದ ಬಳಿಕ ಅರಿವಳಿಕೆ ಔಷಧವನ್ನು ಅಧಿಕ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟಾಗ, ಕೆಲವೇ ನಿಮಿಷಗಳಲ್ಲಿ ಉಸಿರು, ಆಮೇಲೆ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ಮೂತ್ರ ಹೋಗಬಹುದು, ಸ್ನಾಯು ಅದುರಬಹುದು. ಇವು ನೋವಿನ ಲಕ್ಷಣಗಳಲ್ಲವೆಂದು ಜೊತೆಗಿರುವವರಿಗೆ, ವಿಶೇಷವಾಗಿ ಮಕ್ಕಳಿಗೆ, ಮೊದಲೇ ತಿಳಿಸಿಡಿ. ಹೃದಯಕ್ಕೆ ಸ್ಟ್ರಿಕ್ನೀನ್ ಎಂಬ ವಿಷ ಚುಚ್ಚುವುದೂ ಅನಗತ್ಯ ಕ್ರೌರ್ಯದಿಂದ ಕೊಲ್ಲುವುದೂ ಪ್ರಾಣಿಹಿಂಸೆ ತಡೆ ಕಾಯ್ದೆ, 1960ರಂತೆ ಅಪರಾಧ. ಈ ಕೆಲಸ ಪಶುವೈದ್ಯರದು ಮಾತ್ರ.

ಹೂಳುವ ಜಾಗವನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ. ಔಷಧದ ಅಂಶ ದೇಹದಲ್ಲಿ ಉಳಿದಿರುವುದರಿಂದ ಅದನ್ನು ಅಗೆದು ತಿಂದ ಬೀದಿನಾಯಿ, ಹದ್ದುಗಳೂ ಸಾಯಬಹುದು. ಬಾವಿ, ಬೋರ್‌ವೆಲ್, ಭದ್ರಾ ನಾಲೆಗಳಿಂದ ದೂರದಲ್ಲಿ ಕನಿಷ್ಠ ನಾಲ್ಕು ಅಡಿ ಆಳದ ಗುಂಡಿಯಿರಲಿ. ಚಿತ್ರದುರ್ಗದ ಕಡೆ ಒಂದೆರಡು ಅಡಿಗೇ ಬಂಡೆ ಸಿಗುವ ಹೊಲಗಳಿರುವುದರಿಂದ, ಗುಂಡಿ ತೋಡಿ ಆಳ ನೋಡಿಕೊಂಡ ಮೇಲೆಯೇ ವೈದ್ಯರಿಗೆ ಸಮಯ ಹೇಳುವುದು ಒಳಿತು.