ಫ್ಲೂ ವೈರಸ್ ಜೀವಕೋಶದೊಳಗೆ ಹೊಗುವುದು ಹೇಗೆ?

ಸೋಪು ಹಚ್ಚಿ ಕೈ ತೊಳೆದರೆ ಫ್ಲೂ ವೈರಸ್ ಚೂರುಚೂರಾಗುತ್ತದೆ. ಪೋಲಿಯೊ ವೈರಸ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ವ್ಯತ್ಯಾಸವಿರುವುದು ಹೊದಿಕೆಯಲ್ಲಿ. ಪೋಲಿಯೊಗೆ ಇರುವುದು ಗಟ್ಟಿ ಪ್ರೊಟೀನ್ ಚಿಪ್ಪು, ಫ್ಲೂಗೆ ಕೊಬ್ಬಿನ ಪೊರೆ. ಅದೂ ಸ್ವಂತದ್ದಲ್ಲ, ತಾನು ಹುಟ್ಟಿದ ಕೋಶದಿಂದಲೇ ಸುತ್ತಿಕೊಂಡು ಬಂದದ್ದು. ಸೋಪಿಗೆ ಕರಗುವ ಈ ಪೊರೆಯೇ ಮುಂದಿನ ಕೋಶದೊಳಗೆ ದಾರಿ ಮಾಡಿಕೊಡುತ್ತದೆ.

ಮೊದಲು ಅಂಟಿಕೊಳ್ಳಬೇಕು. ಸುಮಾರು 100 ನ್ಯಾನೋಮೀಟರ್ ಅಡ್ಡಳತೆಯ ವೈರಸ್ಸಿನ ಮೈತುಂಬ ಮುಳ್ಳುಗಳು. ಹೆಚ್ಚಿನವು ಹಿಮಾಗ್ಲುಟಿನಿನ್, ಉಳಿದವು ನ್ಯೂರಾಮಿನಿಡೇಸ್. ಎಚ್1ಎನ್1 ಹೆಸರಿನ ‘ಎಚ್’, ‘ಎನ್’ ಇವೇ. ನಮ್ಮ ಮೂಗು, ಗಂಟಲಿನ ಕೋಶಗಳ ಮೇಲಿರುವ ಸಯಾಲಿಕ್ ಆಮ್ಲವೆಂಬ ಸಕ್ಕರೆಯನ್ನು ಹಿಮಾಗ್ಲುಟಿನಿನ್ ಹಿಡಿಯುತ್ತದೆ. ಒಂದೊಂದು ಹಿಡಿತವೂ ಸಡಿಲ, ಹತ್ತಾರು ಸೇರಿದರೆ ಬಿಗಿ. ಅದೇ ಸಕ್ಕರೆ ಸಿಂಬಳದಲ್ಲೂ ಇರುವುದರಿಂದ ವೈರಸ್ ದಾರಿಯಲ್ಲೇ ಸಿಕ್ಕಿಬೀಳುವುದುಂಟು. ಆಗ ನ್ಯೂರಾಮಿನಿಡೇಸ್ ಕತ್ತರಿಯಂತೆ ಸಕ್ಕರೆಯನ್ನು ಕತ್ತರಿಸಿ ಬಿಡಿಸುತ್ತದೆ.

ದಾಳಿ, ಆಕ್ರಮಣ ಎಂದೆಲ್ಲ ನಾವು ಬರೆಯುತ್ತೇವೆ. ನಿಜದಲ್ಲಿ ವೈರಸ್ ಏನನ್ನೂ ತಳ್ಳುವುದಿಲ್ಲ, ಕೋಶವೇ ಅದನ್ನು ನುಂಗುತ್ತದೆ. ಅಂಟಿದ ಜಾಗದಲ್ಲಿ ಕೋಶದ ಪೊರೆ ಒಳಕ್ಕೆ ಗುಳಿಬಿದ್ದು, ವೈರಸ್ಸನ್ನು ಸುತ್ತಿ, ಪುಟ್ಟ ಚೀಲವಾಗಿ ಕಳಚಿಕೊಳ್ಳುತ್ತದೆ. ಪೋಷಕಾಂಶ ಒಳಗೆಳೆದುಕೊಳ್ಳಲು ಕೋಶ ದಿನವೂ ಮಾಡುವ ಕೆಲಸವೇ ಇದು. (ಎಚ್‌ಐವಿಯಂಥವು ಕೋಶದ ಹೊರಪೊರೆಯಲ್ಲೇ ಬೆಸೆದುಕೊಳ್ಳಬಲ್ಲವು, ಅವುಗಳ ಕತೆ ಬೇರೆ.)

ಚೀಲದೊಳಗಿದ್ದರೂ ವೈರಸ್ ಇನ್ನೂ ಬಂದಿ. ಒಳಗಿರುವುದನ್ನು ಜೀರ್ಣಿಸಲು ಕೋಶ ಚೀಲಕ್ಕೆ ಆಮ್ಲ ತುಂಬುತ್ತಾ ಹೋಗುತ್ತದೆ. ಪಿಎಚ್ 5ರ ಆಸುಪಾಸಿಗೆ ಇಳಿಯುತ್ತದೆ. ಮೊಸರಿನಷ್ಟಲ್ಲದಿದ್ದರೂ ಹತ್ತಿರಹತ್ತಿರ ಅಷ್ಟೇ ಹುಳಿ. ವೈರಸ್ ಕಾಯುತ್ತಿದ್ದದ್ದು ಈ ಹುಳಿಗೇ.

ಸಾರಿನ ಮೇಲೆ ತೇಲುವ ಎರಡು ಎಣ್ಣೆಹನಿಗಳು ತಾಗಿದರೆ ಒಂದಾಗುತ್ತವೆ. ಎರಡು ಪೊರೆಗಳು ಹಾಗೆ ಸುಮ್ಮನೆ ಒಂದಾಗುವುದಿಲ್ಲ, ನಡುವೆ ನೀರಿನ ಪದರವಿರುತ್ತದೆ. ಅದನ್ನು ಹಿಂಡಿ ಹೊರಹಾಕಲು ಬಲ ಬೇಕು. ಆ ಬಲ ಹಿಮಾಗ್ಲುಟಿನಿನ್ ಮುಳ್ಳಿನೊಳಗೆ ಮಡಿಸಿಟ್ಟಿರುತ್ತದೆ. ನಮ್ಮದೇ ದೇಹದ ಕಿಣ್ವವೊಂದು ಮುಳ್ಳನ್ನು ಮೊದಲೇ ಒಂದೆಡೆ ಸೀಳಿರುತ್ತದೆ. ಹಾಗೆ ಸೀಳದ ಮುಳ್ಳು ಕೆಲಸಕ್ಕೆ ಬಾರದು. ಹುಳಿ ತಾಗಿದಾಕ್ಷಣ, ಗುಂಡಿ ಒತ್ತಿದ ಕೊಡೆಯ ಹಾಗೆ ಮುಳ್ಳು ಚಾಚಿಕೊಂಡು, ಒಳಗೆ ಅಡಗಿದ್ದ ಕೊಕ್ಕೆಯನ್ನು ಚೀಲದ ಪೊರೆಗೆ ನೆಡುತ್ತದೆ. ಆಮೇಲೆ ನಡುವಿನಲ್ಲೇ ಮಡಚಿಕೊಳ್ಳುತ್ತದೆ. ಒಂದು ತುದಿ ವೈರಸ್ಸಿನ ಪೊರೆಯಲ್ಲಿ, ಇನ್ನೊಂದು ಚೀಲದ ಪೊರೆಯಲ್ಲಿ. ಮಡಚಿದರೆ ಎರಡೂ ಹತ್ತಿರ ಬರಲೇಬೇಕು. ಅಕ್ಕಪಕ್ಕದ ಕೆಲವು ಮುಳ್ಳುಗಳು ಒಟ್ಟಿಗೆ ಎಳೆದಾಗ ಪೊರೆಗಳು ಬೆರೆತು ರಂಧ್ರ ತೆರೆಯುತ್ತದೆ.

ಇದು ಒಂದೇ ಗುಂಡಿನ ಬಂದೂಕು. ಕೋಶ ಸಿಗುವ ಮೊದಲೇ ಹುಳಿ ತಾಗಿದರೆ ಮುಳ್ಳುಗಳು ಗಾಳಿಯಲ್ಲಿ ಹಾರಿದಂತೆ. ಮತ್ತೆ ಮಡಿಸಿಡಲು ಬರುವುದಿಲ್ಲ, ವೈರಸ್ ನಿಷ್ಪ್ರಯೋಜಕ.

ಇತ್ತ ವೈರಸ್ಸಿನ ಪೊರೆಯಲ್ಲಿರುವ ಎಂ2 ಎಂಬ ಸಣ್ಣ ತೂಬಿನ ಮೂಲಕ ಆಮ್ಲ ಅದರ ಒಳಕ್ಕೂ ಇಳಿದು, ವಂಶವಾಹಿ ಮಾಹಿತಿ ಹೊತ್ತ ಆರ್‌ಎನ್‌ಎಯನ್ನು ಕಟ್ಟಿಟ್ಟ ಗಂಟನ್ನು ಸಡಿಲಿಸಿರುತ್ತದೆ. ಅಮಾಂಟಡೀನ್ ಔಷಧ ಈ ತೂಬನ್ನೇ ಮುಚ್ಚುತ್ತಿತ್ತು. ತೂಬಿನ ರಚನೆ ಬದಲಾದ ವೈರಸ್‌ಗಳೇ ಈಗ ಎಲ್ಲೆಡೆ ಹರಡಿರುವುದರಿಂದ ಫ್ಲೂಗೆ ಅದನ್ನು ಕೊಡುವುದಿಲ್ಲ.

ರಂಧ್ರದಿಂದ ಹೊರಬಿದ್ದ ಆರ್‌ಎನ್‌ಎಯ 8 ತುಂಡುಗಳು ಕೋಶಕೇಂದ್ರ ಸೇರುತ್ತವೆ. ಅಲ್ಲಿ ವೈರಸ್ಸಿನ ಕಿಣ್ವ ನಮ್ಮ ಆರ್‌ಎನ್‌ಎಗಳ ತಲೆ ಕತ್ತರಿಸಿ ತನ್ನ ಸಂದೇಶಗಳಿಗೆ ಜೋಡಿಸುತ್ತದೆ. ಮೋಸ ತಿಳಿಯದ ಕೋಶ ಆ ಸಂದೇಶಗಳಂತೆಯೇ ವೈರಸ್ಸಿನ ಪ್ರೊಟೀನ್ ತಯಾರಿಸುತ್ತದೆ. ಹೊಸ ಮುಳ್ಳುಗಳು ಕೋಶದ ಹೊರಪೊರೆಯಲ್ಲಿ ನಾಟಿಕೊಳ್ಳುತ್ತವೆ. ಅಲ್ಲೇ ಮೊಗ್ಗಿನಂತೆ ಉಬ್ಬಿ, ಆ ಪೊರೆಯನ್ನೇ ಹೊದ್ದು ಹೊಸ ವೈರಸ್ ಹೊರಬರುತ್ತದೆ. ಆದರೆ ಹೊರಬಂದ ಕೋಶದ ಸಕ್ಕರೆಗೇ ಅಂಟಿಕೊಂಡು ನಿಲ್ಲುತ್ತದೆ. ನ್ಯೂರಾಮಿನಿಡೇಸ್ ಕತ್ತರಿಸಿದರಷ್ಟೇ ಬಿಡುಗಡೆ. ಒಸೆಲ್ಟಮಿವಿರ್ ಮಾತ್ರೆ ಕಟ್ಟಿಹಾಕುವುದು ಈ ಕತ್ತರಿಯನ್ನು. ಅದು ಒಳಹೊಕ್ಕಿದ್ದನ್ನು ಹೊರಗಟ್ಟದು, ಹೊರಗೆ ಹರಡುವುದನ್ನಷ್ಟೇ ತಡೆಯುತ್ತದೆ. ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿ ಎಂದು ವೈದ್ಯರು ಹೇಳುವುದು ಅದಕ್ಕೇ.