ಹೆಸರಿಗೆ ಸ್ಯಾಂಡ್‌ಬ್ಲಾಸ್ಟಿಂಗ್, ಒಳಗೆ ಮರಳಿಲ್ಲ

ಹಳೇ ಯೆಜ್ಡಿ ಬೈಕ್ ಬಿಚ್ಚಿದ ಮೇಲೆ ತುಕ್ಕು ಉಜ್ಜಿ ಉಜ್ಜಿ ಕೈ ಸೋತಿತ್ತು. ಕೋಲಾರದ ನಮ್ಮ ಮನೆ ಹಿಂದಿನ ಶೀಟ್ ರೂಮಿನಲ್ಲಿ ಬ್ಲಾಸ್ಟಿಂಗ್ ಕ್ಯಾಬಿನೆಟ್ ಇಟ್ಟೆ, ಅಂದರೆ ಒಳಗಿನ ಗನ್ನಿನಿಂದ ಗಾಳಿಯ ಜೊತೆ ಹರಳು ಚಿಮ್ಮಿಸಿ ತುಕ್ಕು ಕೀಳುವ ಮುಚ್ಚಿದ ಪೆಟ್ಟಿಗೆ. ಮೊದಲ ದಿನ ಒಂದು ಬಕೆಟ್ ಮರಳು ಜರಡಿ ಹಿಡಿಯುತ್ತಾ ಕೂತಿದ್ದೆ. 2001ರಲ್ಲಿ ಮುಚ್ಚುವವರೆಗೂ ಕೆಜಿಎಫ್ ಗಣಿಯಲ್ಲಿ ದುಡಿದ ಪಕ್ಕದ ಮನೆ ತಾತ ಕಾಂಪೌಂಡ್ ಆಚೆಯಿಂದ ನೋಡಿದರು.

"ಇದನ್ನ ಗಾಳೀಲಿ ಹೊಡೀತೀಯಾ? ಬೇಡ ಕಣಪ್ಪಾ. ಈ ಧೂಳು ಎದೇಲಿ ಕೂತರೆ ಏಳಲ್ಲ."

ಬಕೆಟ್ ಅಲ್ಲೇ ಬಿಟ್ಟೆ. ಅವರು ಹೇಳಿದ್ದು ಸಿಲಿಕೋಸಿಸ್. ಮರಳು ಪುಡಿಯಾದಾಗ ಏಳುವ ಸಿಲಿಕಾ ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ, ವಾಸಿಯಾಗುವುದಿಲ್ಲ. ನಮ್ಮ ದೇಶದಲ್ಲಿ ಆ ಕಾಯಿಲೆ ಮೊದಲು ವರದಿಯಾದದ್ದೇ ಕೋಲಾರದ ಚಿನ್ನದ ಗಣಿಯಿಂದ. ಈ ಊರಲ್ಲಿದ್ದುಕೊಂಡು ಮರಳು ಊದುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಈಗ ಮರಳಿನ ಬದಲು ಕಬ್ಬಿಣಕ್ಕೆ ಅಲ್ಯೂಮಿನಿಯಂ ಆಕ್ಸೈಡ್ ಹರಳು, ಗಾಳಿಯ ಒತ್ತಡ ಸುಮಾರು 80 ಪಿಎಸ್‌ಐ. ಅಲ್ಯೂಮಿನಿಯಂ ಭಾಗಗಳಿಗೆ ಗ್ಲಾಸ್ ಬೀಡ್ಸ್ (ಸಣ್ಣ ಗಾಜಿನ ಮಣಿ), 40–50 ಪಿಎಸ್‌ಐ ಸಾಕು. ಆದರೂ ಮಾಸ್ಕ್ ಬಿಡುವುದಿಲ್ಲ, ಧೂಳು ಎಳೆಯುವ ವ್ಯಾಕ್ಯೂಮ್ ನಿಲ್ಲಿಸುವುದಿಲ್ಲ.

ಜಾಸ್ತಿ ಕಾಡಿದ್ದು ನೀರು. ಅಕ್ಟೋಬರ್ ಮಳೆಯಲ್ಲಿ ಗನ್ ಉಗುಳಿ ಉಗುಳಿ ನಿಂತೇಹೋಯಿತು. ತಳ ಬಿಚ್ಚಿದರೆ ಆಕ್ಸೈಡ್ ಒದ್ದೆ ರವೆಯ ಹಾಗೆ ಗಟ್ಟಿಯಾಗಿತ್ತು. ತಗಡಿನ ಮೇಲೆ ಹರಡಿ ಎರಡು ದಿನ ಬಿಸಿಲಿಗೆ ಹಾಕಿದೆ. ಕಂಪ್ರೆಸರ್‌ನಿಂದ ಬಿಸಿ ಗಾಳಿ ಬರುತ್ತದೆ. ಅದು ತಣ್ಣಗಾದ ಕಡೆ ನೀರು ಇಳಿಯುತ್ತದೆ, ಅಲ್ವಾ? ಗಾಳಿಯಲ್ಲಿನ ನೀರು ಹಿಡಿಯುವ ನನ್ನ ವಾಟರ್ ಸೆಪರೇಟರ್ ಕಂಪ್ರೆಸರ್ ಬಾಯಲ್ಲೇ ಇತ್ತು. ಬಿಸಿ ಗಾಳಿಯ ತೇವ ಅದನ್ನು ದಾಟಿ ಹೋಗಿ ಮುಂದೆ ನೀರಾಗುತ್ತಿತ್ತು. ಗೋಡೆಗುಂಟ 8 ಮೀಟರ್ ಜಿಐ ಪೈಪನ್ನು ಇಳಿಜಾರಾಗಿ ಎಳೆದು, ಸೆಪರೇಟರನ್ನು ಕೊನೆಗೆ ಹಾಕಿದೆ. ಟ್ಯಾಂಕಿನ ಕೆಳಗಿನ ಡ್ರೈನ್ ಪ್ರತಿ ಸಂಜೆ ತಿರುಗಿಸುತ್ತೇನೆ. ಮಳೆಗಾಲದಲ್ಲಿ ಅರ್ಧ ಲೋಟ ಕಂದು ನೀರು ಬೀಳುತ್ತದೆ.

ಗನ್ನಿನ ತುದಿಯ ಸೆರಾಮಿಕ್ ನಾಜಲ್ ಸವೆದದ್ದು ಕಣ್ಣಿಗೆ ಕಾಣುವುದಿಲ್ಲ. ನನ್ನದರ ತೂತು 5 ಎಂಎಂ. 6ರ ಡ್ರಿಲ್ ಬಿಟ್‌ನ ಹಿಡಿ ಸಲೀಸಾಗಿ ಒಳಗೆ ಹೋದರೆ ಬದಲಿಸುತ್ತೇನೆ. ಹಾಗೇ ಬಿಟ್ಟರೆ ಹರಳು ಚದುರುತ್ತದೆ, ಸುಮ್ನೆ ಕೆಲಸ ಎಳೆಯುತ್ತದೆ. ಕಿಟಕಿ ಗಾಜಿಗೆ ಒಳಗಿನಿಂದ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿದ್ದೇನೆ. ಮಂಕಾದಾಗ ಫಿಲ್ಮ್ ಕಿತ್ತರೆ ಆಯಿತು. ಬೇಸಿಗೆಯಲ್ಲಿ ಕೈಗೆ ಚುರ್ ಅನ್ನುವ ಶಾಕ್ ಕ್ಯಾಬಿನೆಟ್ಟಿಗೆ ಅರ್ತ್ ವೈರ್ ಕೊಟ್ಟ ಮೇಲೆ ನಿಂತಿತು.

ಎಂಜಿನ್ ಕೇಸ್ ಮಾತ್ರ ಎಚ್ಚರ. ಬೇರಿಂಗ್ ಕೂರುವ ಜಾಗ, ಆಯಿಲ್ ತೂತು ಎಲ್ಲಕ್ಕೂ ಟೇಪ್ ಸುತ್ತಿ ಹೊಡೆಯುತ್ತೇನೆ. ಆಮೇಲೆ ಸೋಪಿನ ಬಿಸಿ ನೀರು, ಪ್ರತಿ ತೂತಿಗೂ ಬ್ರಷ್, ಕೊನೆಗೆ ಗಾಳಿ. ಬಿಳಿ ಬಟ್ಟೆಯಲ್ಲಿ ಒರೆಸಿ ಬೆರಳಲ್ಲಿ ಹಿಸುಕಿ ನೋಡುತ್ತೇನೆ. ಒಂದು ಹರಳು ಸಿಕ್ಕಿದರೂ ಮತ್ತೆ ಬಕೆಟ್ಟಿಗೆ.